ದಾರಿಯಲ್ಲಿ ಒಡೆದರೆ ರೊಕ್ಕ ಯಾರದು? ಖಡಕಿಯಲ್ಲಿ ಕೂತು ಎತ್ತುಗಳ ಇತಿಹಾಸ

ಈ ಸಲದ ವಿಡಿಯೋ ಸ್ವಲ್ಪ ಉದ್ದ ಆಯ್ತು, ಮಧ್ಯದಲ್ಲಿ ಎರಡು ಸಲ ರೈಲಿನ ಸದ್ದೂ ಬಂದಿದೆ. ಖಡಕಿ ಸ್ಟೇಷನ್ನಿಗೆ ಇಷ್ಟು ಹತ್ತಿರ ಮನೆ ಮಾಡಿದ ಮೇಲೆ ಅದು ಇದ್ದದ್ದೇ. ಕೇಳೋದಕ್ಕಿಂತ ಓದೋದೇ ಸಲೀಸು ಅನ್ನೋರಿಗಾಗಿ ಅದೇ ಮಾತನ್ನ ಇಲ್ಲಿ ಬರೆದು ಹಾಕ್ತಿದ್ದೇನೆ. ಮಾತಾಡುವಾಗ ತಪ್ಪು ಹೇಳಿದ ಒಂದೆರಡು ಇಸವಿಗಳನ್ನ ಸರಿ ಮಾಡಿದ್ದೇನೆ.

ಮೊದಲು ಮನೆ ವಿಷಯ. ಜಮಖಂಡಿಯಲ್ಲಿರೋ ನಮ್ಮಕ್ಕ ಮೂರು ವರ್ಷದಿಂದ ಖಡಕ್ ರೊಟ್ಟಿ ವ್ಯಾಪಾರ ಮಾಡ್ತಿದ್ದಾಳೆ. ಓಣಿಯ ಏಳೆಂಟು ಹೆಣ್ಣುಮಕ್ಕಳು ಸೇರಿ ರೊಟ್ಟಿ ಬಡೀತಾರೆ. ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಗಿರಾಕಿಗಳು ಬಹುಪಾಲು ನಮ್ಮಂಥವರೇ, ಹಿಂಜವಡಿ, ವಾಕಡ್, ಖರಾಡಿಯಲ್ಲಿ ಲ್ಯಾಪ್‌ಟಾಪ್ ಕುಟ್ಟುವ ಕನ್ನಡದವರು. ಖಡಕಿಯಿಂದ ಖಡಕ್ ರೊಟ್ಟಿ ಅಂತ ಆಫೀಸಿನಲ್ಲಿ ಎಲ್ಲರೂ ಒಂದು ಸಲ ನಗಾಡಿದ್ದಾರೆ, ನೀವೂ ನಕ್ಕುಬಿಡಿ, ಮುಂದೆ ಹೋಗೋಣ.

ಆರ್ಡರ್ ಜಾಸ್ತಿ ಆದಾಗ ಸಾಗಣೆ ಕೆಲಸವನ್ನ ಪೂರ್ತಿಯಾಗಿ ಹೊರಗಿನವರಿಗೆ ಕೊಡೋಣ ಅಂದವನು ನಾನೇ. ಥರ್ಡ್ ಪಾರ್ಟಿ ಲಾಜಿಸ್ಟಿಕ್ಸ್, ಚಿಕ್ಕದಾಗಿ ಥ್ರೀ ಪಿ ಎಲ್ ಅಂತಾರಲ್ಲ, ಅದು. ಗೋಡೌನು ಅವರದು, ಪ್ಯಾಕಿಂಗ್ ಅವರದು, ಮನೆ ಬಾಗಿಲಿಗೆ ಮುಟ್ಟಿಸೋದೂ ಅವರೇ. ಎಂ.ಟೆಕ್ ಮಾಡಿದ ತಮ್ಮ ಅಲ್ವಾ, ಎಕ್ಸೆಲ್ ಹಾಳೆ ಮಾಡಿದೆ. 17 ಕಾಲಮ್ಮು. ಕಿಲೋಗೆ ದರ, ಎಷ್ಟು ಪಿನ್‌ಕೋಡ್‌ಗೆ ಹೋಗ್ತಾರೆ, ಆ್ಯಪ್ ಹೇಗಿದೆ, ಕ್ಯಾಶ್ ಆನ್ ಡೆಲಿವರಿ ದುಡ್ಡು ಎಷ್ಟು ದಿನಕ್ಕೆ ಕೈಗೆ ಬರುತ್ತೆ, ಎಲ್ಲದಕ್ಕೂ ಅಂಕ ಹಾಕಿ ಕೂಡಿಸಿ, ಮೊದಲು ಬಂದ ಕಂಪನಿಗೆ ಕೊಟ್ಟೆವು. ಹೆಸರು ಹೇಳಲ್ಲ. ಹೋದ ದೀಪಾವಳಿಗೆ 140 ಪಾರ್ಸಲ್ ಹೋಯ್ತು. ಅದರಲ್ಲಿ 43 ಪಾರ್ಸಲ್‌ಗಳು ಒಂದೋ ಪುಡಿಯಾಗಿ ಮುಟ್ಟಿದವು, ಇಲ್ಲಾ ಗೋಡೌನಿನಲ್ಲೇ ಒಂಬತ್ತು ಹತ್ತು ದಿನ ಕೂತು ಹಬ್ಬ ಮುಗಿದ ಮೇಲೆ ಮುಟ್ಟಿದವು. ಗಿರಾಕಿಗಳಿಗೆ ದುಡ್ಡು ವಾಪಸ್ ಕೊಟ್ಟಿದ್ದು ಅಕ್ಕ. ಸಾಗಣೆ ಬಿಲ್ಲು ಮಾತ್ರ ಒಂದು ಪೈಸೆ ಕಮ್ಮಿಯಾಗದೆ ಬಂತು. ಆ ತಿಂಗಳು ರೊಟ್ಟಿ ಬಡಿದವರಿಗೆ ಕೂಲಿ ಕೊಡೋಕೆ ಅವಳು ಕೈಯಲ್ಲಿದ್ದ ಎರಡು ಬಳೆ ಅಡ ಇಟ್ಟಳು. ನನಗೆ ಹೇಳಲಿಲ್ಲ. ಆಮೇಲೆ ಅವ್ವನಿಂದ ಗೊತ್ತಾಯ್ತು.

ಹೊಸ ಕಂಪನಿ ಹುಡುಕೋಣ ಅಂತ ನಾನು ಅದೇ ಹಾಳೆಗೆ ಇನ್ನೂ ಮೂರು ಕಾಲಮ್ಮು ಸೇರಿಸ್ತಾ ಕೂತಿದ್ದೆ. ಫೋನಲ್ಲಿ ಅಕ್ಕ ಅಂದಳು, “ತಮ್ಮಾ, ಅದೆಲ್ಲಾ ಇರ್ಲಿ. ದಾರ್ಯಾಗ ರೊಟ್ಟಿ ಒಡದ್ರ ರೊಕ್ಕ ಯಾರ್ದು ಹೋಗ್ತೈತಿ? ಅದೊಂದು ಕೇಳು ಅವ್ರಿಗೆ.”

ನನ್ನ ಹಾಳೆಯಲ್ಲಿ ಆ ಕಾಲಮ್ಮೇ ಇರಲಿಲ್ಲ.

ಈ ಪ್ರಶ್ನೆಯನ್ನ ತಲೆಯಲ್ಲಿಟ್ಟುಕೊಂಡೇ ನಾನು ಆ ವಾರ ವೆಲ್ಲೆಸ್ಲಿಯ ಪತ್ರಗಳನ್ನ ಓದ್ತಿದ್ದೆ. ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನ ಸೋಲಿಸಿ ಡ್ಯೂಕ್ ಆಫ್ ವೆಲಿಂಗ್ಟನ್ ಅಂತ ಹೆಸರಾದವನು. ಅದಕ್ಕೂ ಮುಂಚೆ ಶ್ರೀರಂಗಪಟ್ಟಣದಲ್ಲಿ ಅಧಿಕಾರಿಯಾಗಿದ್ದ. ಅವನ ಆ ಕಾಲದ ಪತ್ರಗಳಲ್ಲಿ ಕತ್ತಿ, ತೋಪು, ಶೌರ್ಯ ಇವೆಲ್ಲ ಕಮ್ಮಿ. ಎತ್ತು, ಅಕ್ಕಿ, ಎತ್ತು, ಹುರುಳಿ, ಮತ್ತೆ ಎತ್ತು. ವೇಗವಾಗಿ ಸೈನ್ಯ ನಡೆಸಬೇಕಾದರೆ ಒಳ್ಳೆ ಎತ್ತು ಬೇಕು, ಅವನ್ನ ಚೆನ್ನಾಗಿ ನೋಡಿಕೊಳ್ಳೋರು ಬೇಕು, ಇಷ್ಟೇ ಅವನ ಯುದ್ಧವಿದ್ಯೆ ಅನ್ನಿಸಿಬಿಡುತ್ತೆ. ಅಲ್ಲಿ ಮತ್ತೆ ಮತ್ತೆ ಬರುವ ಒಂದು ಪದ ಬ್ರಿಂಜಾರಿ. ಅಂದರೆ ಬಂಜಾರರು. ನಮ್ಮ ಕಡೆ ಲಂಬಾಣಿ, ಲಮಾಣಿ ಅಂತೀವಲ್ಲ, ಅವರೇ.

ಹೊಲದಲ್ಲಿ, ರಸ್ತೆ ಕೆಲಸದಲ್ಲಿ ಲಂಬಾಣಿಗಳನ್ನ ನೋಡಿ ಬೆಳೆದ ನನ್ನಂಥವನಿಗೆ ಒಂದು ಕಾಲಕ್ಕೆ ಹಿಂದೂಸ್ತಾನದ ಸರಕು ಸಾಗಣೆಯ ದೊಡ್ಡ ಪಾಲು ಇವರ ಕೈಯಲ್ಲಿತ್ತು ಅನ್ನೋದು ಓದಿ ತಿಳಿಯಬೇಕಾಯ್ತು. ಅದು ನನ್ನ ಮಟ್ಟಿಗೆ ನಾಚಿಕೆಯ ವಿಷಯ. 1632ರಲ್ಲಿ ಪೀಟರ್ ಮಂಡಿ ಅನ್ನೋ ಇಂಗ್ಲಿಷ್ ವ್ಯಾಪಾರಿ ದಾರಿಯಲ್ಲಿ ಒಂದು ತಾಂಡಾ ಎದುರಾಗಿದ್ದನ್ನ ಬರೆದಿದ್ದಾನೆ: 14,000 ಎತ್ತುಗಳು, ಎಲ್ಲದರ ಮೇಲೂ ಧಾನ್ಯ. ದಿನಕ್ಕೆ ಆರೇಳು ಮೈಲಿಗಿಂತ ಜಾಸ್ತಿ ನಡೆಯೋದಿಲ್ಲ ಅಂತಲೂ ಹೇಳ್ತಾನೆ. ಅದೇ ಶತಮಾನದ ಫ್ರೆಂಚ್ ವಜ್ರವ್ಯಾಪಾರಿ ಟಾವರ್ನಿಯೆ ಕೂಡ ಹತ್ತು ಹನ್ನೆರಡು ಸಾವಿರ ಎತ್ತುಗಳು ಒಟ್ಟಿಗೆ ಹೋಗೋದನ್ನ ಬರೆದಿದ್ದಾನೆ. ಒಂದು ಪಂಗಡ ಅಕ್ಕಿ ಮಾತ್ರ, ಇನ್ನೊಂದು ಬೇಳೆಕಾಳು, ಮತ್ತೊಂದು ಉಪ್ಪು, ಹೀಗೆ ಸರಕಿನ ಪ್ರಕಾರ ಹಂಚಿಕೊಂಡಿದ್ದರಂತೆ. ಲವಣ ಅನ್ನೋದರಿಂದಲೇ ಲಮಾಣಿ ಬಂತು ಅನ್ನೋರೂ ಇದ್ದಾರೆ.

ಆರೇಳು ಮೈಲಿ ಅಂದ್ರೆ ಸುಮಾರು ಹತ್ತು ಕಿಲೋಮೀಟರ್. ಇಷ್ಟು ನಿಧಾನ ಯಾಕೆ? ಇಲ್ಲೇ ಅವರ ವ್ಯಾಪಾರದ ಗುಟ್ಟಿರೋದು. ಒಂದು ಎತ್ತು ಬೆನ್ನ ಮೇಲೆ ಸುಮಾರು 100 ಕಿಲೋ ಹೊರುತ್ತೆ ಅಂತ ಇಟ್ಟುಕೊಳ್ಳಿ, ಇದು ನನ್ನ ಅಂದಾಜು ಲೆಕ್ಕ. ಓಡಿಸಿ ದುಡಿಸೋ ಎತ್ತಿಗೆ ದಿನಕ್ಕೆ 3 ಕಿಲೋ ಹುರುಳಿ ಹಾಕಿದರೆ, ಒಂದು ತಿಂಗಳಾಗೋ ಹೊತ್ತಿಗೆ 90 ಕಿಲೋ ಕಾಳು ಅದರ ಹೊಟ್ಟೆಗೇ ಹೋಗಿರುತ್ತೆ. ಸಾಗಿಸಿದ್ದು ಏನು, ಮಣ್ಣು! ಅದೇ ಎತ್ತು ದಾರಿಯಲ್ಲಿ ಮೇಯ್ದುಕೊಂಡು ನಿಧಾನವಾಗಿ ಹೋದರೆ ಮೇವಿನ ಖರ್ಚು ಹೆಚ್ಚುಕಮ್ಮಿ ಸೊನ್ನೆ. ಅವರ ಹೆಂಡಿರು ಮಕ್ಕಳು ಜೊತೆಗೇ ನಡೀತಾರೆ, ಎತ್ತು ತಾಂಡಾದ್ದೇ, ಕಾವಲಿನ ನಾಯಿಯೂ ಅವರದ್ದೇ. ನಾಯಕ ಹೇಳಿದ ಕಡೆ ಠಿಕಾಣಿ. ಬಾಡಿಗೆ ಎತ್ತಿನವನು ಈ ದರಕ್ಕೆ ಯಾವತ್ತೂ ಇಳಿಯೋಕಾಗಲ್ಲ.

ಆದರೆ ದರಕ್ಕಿಂತ ಮುಖ್ಯವಾದ ಇನ್ನೊಂದಿದೆ. ಬಂಜಾರ ಹೊರುತ್ತಿದ್ದ ಕಾಳು ಬಹಳ ಸಲ ಅವನದ್ದೇ. ಎಲ್ಲೋ ಅಗ್ಗಕ್ಕೆ ಕೊಂಡು, ತುಟ್ಟಿಯಾಗಿರೋ ಕಡೆ ತಂದು ಮಾರುತ್ತಿದ್ದ. ಸೈನ್ಯದ ಬೀಡು ಅಂದರೆ ಅವನಿಗೆ ಹಸಿದ ಒಂದು ದೊಡ್ಡ ಸಂತೆ. ಸರ್ಕಾರ ಮುಂಗಡ ಕೊಟ್ಟಿರಬಹುದು, ಸಾಲ ಕೊಟ್ಟಿರಬಹುದು. ಆದರೆ ಕಾಳು ಬೀಡಿಗೆ ಮುಟ್ಟಿದರೆ ಮಾತ್ರ ಅವನಿಗೆ ಲಾಭ. ದಾರಿಯಲ್ಲಿ ನೆನೆದರೆ, ಲೂಟಿಯಾದರೆ ಅವನ ಗಂಟೇ ಹೋಯ್ತು. ಅಕ್ಕ ಕೇಳಿದಳಲ್ಲ, ಅದಕ್ಕೆ ಇಲ್ಲಿ ಉತ್ತರ ನೇರವಾಗಿದೆ.

ಹೀಗಾಗಿ ಅವರು ಕೇಳುತ್ತಿದ್ದ ಷರತ್ತೂ ಬೇರೆ ಥರ ಇರ್ತಿತ್ತು. ಷಹಜಹಾನನ ಕಾಲದಲ್ಲಿ ಅಸಫ್ ಖಾನ್ ದಖ್ಖನಿಗೆ ದಂಡೆತ್ತಿ ಬಂದಾಗ ಭಂಗಿ, ಜಂಗಿ ಅನ್ನೋ ಇಬ್ಬರು ನಾಯಕರು 1,80,000 ಎತ್ತುಗಳೊಂದಿಗೆ ಜೊತೆಗಿದ್ದರು, ಅವರಿಗೆ ತಾಮ್ರಪಟ ಕೊಟ್ಟಿದ್ದರು ಅಂತ ಬಂಜಾರರಲ್ಲಿ ಐತಿಹ್ಯ ಇದೆ. ಅದರ ತಾತ್ಪರ್ಯ: ಊರಿನ ಮಡಕೆಯ ನೀರು ತಗೋಬಹುದು, ಗುಡಿಸಿಲ ಮೇಲಿನ ಹುಲ್ಲು ಎತ್ತಿಗೆ ಹಾಕಬಹುದು, ದಿನಕ್ಕೆ ಮೂರು ಕೊಲೆ ಮಾಫಿ. ಸಂಖ್ಯೆ ಎಷ್ಟು ನಿಜವೋ ಬಿಡಿ, ಅವರು ಕೇಳಿದ್ದೇನು ನೋಡಿ. ಕಿಲೋಗೆ ಇಷ್ಟು ಅಂತಲ್ಲ. ನೀರು, ಮೇವು, ಆಮೇಲೆ ಕೋರ್ಟು ಕಚೇರಿ ತಾಪತ್ರಯ ಬೇಡ ಅನ್ನೋ ಭರವಸೆ. ಮೂರು ಕೊಲೆಯ ಷರತ್ತನ್ನ ಇವತ್ತಿನ ಯಾವ ಕೊರಿಯರ್ ಕಂಪನಿಯೂ ಹಾಕಿಲ್ಲ. ಆದರೆ ಕರಾರಿನ 11ನೇ ಪುಟದ ಸಣ್ಣ ಅಕ್ಷರ ಓದಿದರೆ ಹತ್ತಿರ ಹತ್ತಿರ ಬಂದಿದ್ದಾರೆ ಅನ್ನಿಸುತ್ತೆ.

ಈಗ 1791ಕ್ಕೆ ಬರೋಣ. ಮೂರನೇ ಮೈಸೂರು ಯುದ್ಧ. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮಾರ್ಚ್ 21ರಂದು ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ. ಚನ್ನಪಟ್ಟಣದ ನೇರ ದಾರಿ ಬಿಟ್ಟು ಕಾನಕಾನಹಳ್ಳಿ, ಅಂದ್ರೆ ಇವತ್ತಿನ ಕನಕಪುರದ ಕಡೆಯ ಕಾಡುದಾರಿ ಹಿಡಿದ. ಟಿಪ್ಪು ಆ ದಾರಿಯ ಮೇವು, ಕಾಳು ಎಲ್ಲಾ ಮೊದಲೇ ಸುಡಿಸಿ ಖಾಲಿ ಮಾಡಿಸಿದ್ದ. ಕಂಪನಿ ಸೈನ್ಯದ ಎತ್ತುಗಳು ಬಹುಪಾಲು ಬಾಡಿಗೆಯವು, ತಿಂಗಳಿಗೆ ತಲೆಗೆ ಇಷ್ಟು ಅಂತ. ಈ ಏರ್ಪಾಡಿನಲ್ಲಿ ಹೊರೆ ಮುಟ್ಟಿತೋ ಇಲ್ಲವೋ, ಬಾಡಿಗೆ ಓಡ್ತಾ ಇರುತ್ತೆ. ಎತ್ತು ಹೊಡೆಯುವವನಿಗೆ ಹೆದರಿಕೆಯಾದರೆ ರಾತ್ರೋರಾತ್ರಿ ಓಡಿಹೋಗ್ತಾನೆ, ಅವನದ್ದೇನೂ ಗಂಟು ಹೋಗಲ್ಲ. ಮೇವಿಲ್ಲ, ಮೇಲೆ ಜಾನುವಾರು ರೋಗ ಬೇರೆ ಬಂತು. ಎತ್ತುಗಳು ಸಾಲುಸಾಲಾಗಿ ಸತ್ತವು. ಬೀಡಿನ ಬಡವರು ಸತ್ತ ಎತ್ತಿನ ಮಾಂಸ ತಿನ್ನೋ ಸ್ಥಿತಿ ಬಂತು.

ಮೇ 15ರಂದು ಅರಕೆರೆ ಹತ್ತಿರ ನಡೆದ ಕಾಳಗದಲ್ಲಿ ಕಾರ್ನ್‌ವಾಲಿಸ್ ಗೆದ್ದ. ರಾಜಧಾನಿ ಕಣ್ಣಳತೆಯಲ್ಲಿ ಕಾಣ್ತಿದೆ. ಆದರೆ ಭಾರದ ತೋಪುಗಳನ್ನ ಎಳೆಯೋಕೆ ಎತ್ತಿಲ್ಲ, ಜನಕ್ಕೆ ಅಕ್ಕಿಯಿಲ್ಲ. ಬೆಂಗಳೂರಿನಿಂದ ಎಳೆದು ತಂದ ಮುತ್ತಿಗೆ ತೋಪುಗಳನ್ನ ಅವನೇ ಒಡೆಸಿ, ಮದ್ದುಗುಂಡು ನಾಶ ಮಾಡಿಸಿ, ಹಿಂದಕ್ಕೆ ಹೊರಟ. ಗೆದ್ದ ಸೈನ್ಯ ತನ್ನ ತೋಪುಗಳನ್ನ ತಾನೇ ಒಡೆದುಕೊಂಡು ವಾಪಸ್ ಬಂದ ಕಥೆ ಇದು.

ಇದಕ್ಕಿಂತ ಬೇಜಾರಿನ ಸಂಗತಿ ಮುಂದಿದೆ. ಹಿಂದಕ್ಕೆ ಹೊರಟಾಗ ಕುದುರೆ ಸವಾರರು ಕಾಣಿಸಿಕೊಂಡರು, ಟಿಪ್ಪುವಿನವರೇ ಅಂದುಕೊಂಡರು. ನೋಡಿದರೆ ಪುಣೆಯಿಂದ ಬಂದ ಮರಾಠರು! ಹರಿಪಂತ ಫಡಕೆ, ಪರಶುರಾಮ ಭಾವು ಪಟವರ್ಧನ್. ಭಾವು ಧಾರವಾಡ ಕೋಟೆ ಮುತ್ತಿಗೆ ಮುಗಿಸಿಕೊಂಡು ಬಂದಿದ್ದ. (ಮುಂದೆ ನಮ್ಮ ಜಮಖಂಡಿಯನ್ನ ಆಳಿದ್ದೂ ಇದೇ ಪಟವರ್ಧನ ಮನೆತನ.) ಅವರು ಇಷ್ಟು ಹತ್ತಿರ ಬಂದಿದ್ದಾರೆ ಅನ್ನೋದೇ ಕಾರ್ನ್‌ವಾಲಿಸ್‌ಗೆ ಗೊತ್ತಿರಲಿಲ್ಲ, ಯಾಕಂದ್ರೆ ಅವರು ಕಳಿಸಿದ ಓಲೆಕಾರರನ್ನ ಟಿಪ್ಪುವಿನ ಜನ ದಾರಿಯಲ್ಲೇ ಹಿಡಿದಿದ್ದರು. ಸುದ್ದಿ ಸ್ವಲ್ಪ ಮುಂಚೆ ಮುಟ್ಟಿದ್ದರೆ ತೋಪು ಉಳೀತಿದ್ದವು. ‘ಔಟ್ ಫಾರ್ ಡೆಲಿವರಿ’ ಅಂತ ನಾಲ್ಕು ದಿನ ಅದೇ ತೋರಿಸೋ ಆ್ಯಪ್ ನೋಡ್ತಾ ಕೂತಾಗ ನನಗೆ ಕಾರ್ನ್‌ವಾಲಿಸ್ ನೆನಪಾಗ್ತಾನೆ.

ಮರಾಠರ ಬೀಡಿನ ಬಜಾರಿನಲ್ಲಿ ಎಲ್ಲಾ ಸಿಗುತ್ತಿತ್ತು. ಆ ಕಾಲದ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಅದನ್ನ ಬೆರಗಿನಿಂದ ವರ್ಣಿಸಿದ್ದಾನೆ: ಇಂಗ್ಲೆಂಡಿನ ಉಣ್ಣೆಬಟ್ಟೆ, ಬರ್ಮಿಂಗ್‌ಹ್ಯಾಮಿನ ಚಾಕು, ಕಾಶ್ಮೀರದ ಶಾಲು, ಎಲ್ಲಾ. ಕಾಳೂ ಇತ್ತು, ಆದರೆ ಬೆಲೆ ಮುಗಿಲಿಗೆ. ಹಸಿದವನ ಹತ್ತಿರ ಚೌಕಾಸಿಗೆ ಜಾಗ ಎಲ್ಲಿ? ಹಬ್ಬದ ಹಿಂದಿನ ವಾರ ಇನ್ನೊಂದು ಕೊರಿಯರ್‌ಗೆ ಫೋನ್ ಮಾಡಿದರೆ ಅವರು ಹೇಳೋ ದರ ಇದೇ ಜಾತಿಯದು.

ಆ ಮಳೆಗಾಲದಲ್ಲಿ ಕಾರ್ನ್‌ವಾಲಿಸ್ ಬದಲಾಯಿಸಿದ್ದು ಸರಬರಾಜನ್ನ. ಬೇಹುಗಾರಿಕೆ, ಸರಬರಾಜು ಎರಡೂ ನೋಡಿಕೊಳ್ತಿದ್ದ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಅನ್ನೋನು ಬಂಜಾರ ನಾಯಕರನ್ನ ಒಲಿಸಿಕೊಂಡ. ತಂದ ಕಾಳನ್ನ ಬೀಡಿನ ಬಜಾರಿನಲ್ಲಿ ನಿಮ್ಮ ಬೆಲೆಗೆ ಮಾರಿಕೊಳ್ಳಿ ಅನ್ನೋ ಏರ್ಪಾಡು. ತಾಂಡಾ ಮೇಲೆ ತಾಂಡಾ ಬಂತು. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ದಾಳಿ ನಡೆದಾಗ ಅದೇ ಊರು, ಅದೇ ಜನರಲ್ಲು, ಆದರೆ ಹೊಟ್ಟೆ ತುಂಬಿದ ಸೈನ್ಯ. ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನ ಒತ್ತೆ ಇಟ್ಟ. ಎಲ್ಲಾ ಬಂಜಾರರಿಂದಲೇ ಆಯ್ತು ಅಂತ ನಾನು ಹೇಳ್ತಿಲ್ಲ. ನಿಜಾಮನ ಸೈನ್ಯ, ಮರಾಠರು, ಆನೆಗಳು, ಹೊಸ ತೋಪು ಎಲ್ಲಾ ಇದ್ದವು. ಆದರೆ ಮೇ ತಿಂಗಳಲ್ಲಿ ಇಲ್ಲದ್ದು, ಫೆಬ್ರವರಿಯಲ್ಲಿ ಇದ್ದದ್ದು ಯಾವುದು ಅಂತ ಕೇಳಿದರೆ ಮೊದಲ ಉತ್ತರ ಅಕ್ಕಿ.

ಹಾಗಾದರೆ ಎಲ್ಲವನ್ನೂ ಬಂಜಾರರಿಗೇ ಕೊಟ್ಟುಬಿಡಬಹುದಿತ್ತಾ? ಇಲ್ಲ. ಬಂಜಾರ ತೋಪು ಎಳೆಯಲ್ಲ. ಅದರಲ್ಲಿ ಅವನಿಗೆ ಲಾಭವಿಲ್ಲ, ಅವನ ಎತ್ತು ಹೊರೆಯ ಎತ್ತು, ನೊಗದ್ದಲ್ಲ. ಓಡು ಅಂದರೆ ಓಡಲ್ಲ. ಲಾಭ ಇನ್ನೊಂದು ಕಡೆ ಜಾಸ್ತಿ ಕಂಡರೆ ಅತ್ತ ತಿರುಗ್ತಾನೆ. ಎರಡೂ ಕಡೆಯ ಸೈನ್ಯಕ್ಕೆ ಮಾರೋದು ಅವನಿಗೆ ದ್ರೋಹ ಅಲ್ಲ, ಕಸುಬು.

ಮೈಸೂರಿನವರಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲೇ ‘ಬೆಣ್ಣೆ ಚಾವಡಿ’ ಅಂತ ಅರಮನೆಯ ದನಗಳ ಇಲಾಖೆ ಇತ್ತು. ಹೆಸರಿಗೆ ಹಾಲು ಬೆಣ್ಣೆ, ಕೆಲಸ ಸೈನ್ಯದ ಸಾಮಾನು ಎಳೆಯೋದು. ಟಿಪ್ಪು ಅದನ್ನ ‘ಅಮೃತ ಮಹಲ್’ ಅಂತ ಮಾಡಿ ಕಟ್ಟುನಿಟ್ಟಿನ ಕಾನೂನು ಹಾಕಿದ. ಊರೂರಲ್ಲಿ ಮೇವಿಗೆ ಮೀಸಲಾದ ಕಾವಲುಗಳು, ಕರುವಿನಿಂದಲೇ ಪಳಗಿಸೋ ಪದ್ಧತಿ. ಹೈದರ್ ಈ ಎತ್ತುಗಳ ಬಲದಿಂದ ಚಿದಂಬರಂ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದ ಅಂತ ಮೈಸೂರು ಗೆಜೆಟಿಯರ್ ಬರೆಯುತ್ತೆ. ಬಂಜಾರನ ಎತ್ತು ಸುಮಾರು ಹದಿನೈದು ದಿನದಲ್ಲಿ ಮಾಡೋ ದಾರಿ ಅದು. ಖರ್ಚು? ಭಯಂಕರ. ಯುದ್ಧ ಇಲ್ಲದ ವರ್ಷವೂ ಸಾಕಬೇಕು, ಸಾವಿರಾರು ಎಕರೆ ಹುಲ್ಲುಗಾವಲು ಖಾಲಿ ಬಿಟ್ಟಿರಬೇಕು. ಆದರೆ ತೋಪಿನ ಹೊತ್ತಿಗೆ ತೋಪು ಮುಂದೆ ಇರಬೇಕು, ಅದನ್ನ ಬೇರೆಯವರ ಲಾಭ ನಷ್ಟದ ಲೆಕ್ಕಕ್ಕೆ ಬಿಡೋಕಾಗಲ್ಲ.

ವೆಲ್ಲೆಸ್ಲಿ ಈ ಎರಡನ್ನೂ ಬೇರೆ ಬೇರೆ ಇಟ್ಟು ಬಳಸಿದ. 1799ರಲ್ಲಿ ಟಿಪ್ಪು ಸತ್ತ ಮೇಲೆ ಅಮೃತ ಮಹಲ್ ಎತ್ತುಗಳ ರುಚಿ ನೋಡಿದ್ದ. 1800ರಲ್ಲಿ ಧೋಂಡಿಯ ವಾಘನನ್ನ ಬೆನ್ನಟ್ಟಿಕೊಂಡು ಮಲಪ್ರಭೆ ದಂಡೆಯ ಮನೋಳಿ ತನಕ, ಆಮೇಲೆ ರಾಯಚೂರು ಸೀಮೆಯ ಕೋಣಗಲ್ ತನಕ ಹೋಗಿ, ಸೆಪ್ಟೆಂಬರ್ 10ರಂದು ಮುಗಿಸಿದ. ಆ ಓಟದಿಂದ ಕಲಿತದ್ದನ್ನ ಬರೆದಿಟ್ಟ. ಮರಾಠರ ಮೇಲೆ ಹೋಗೋದಾದರೆ ಹೊಳೆ ತುಂಬಿರುವಾಗ ಹೋಗಬೇಕು, ನಮ್ಮ ಹತ್ತಿರ ಹರಿಗೋಲು ಇರುತ್ತೆ, ಅವರ ಕುದುರೆ ದಂಡಿಗೆ ಇರಲ್ಲ, ಇದು ಅದರ ಸಾರ. ತುಂಗಭದ್ರೆಯ ಹರಿಗೋಲು ಪೇಶ್ವೆ ರಾಜಕಾರಣದ ಒಳಗೆ ಹೋದದ್ದು ಹೀಗೆ.

1802ರ ಡಿಸೆಂಬರ್ 31ರಂದು ಎರಡನೇ ಬಾಜಿರಾಯ ವಸಯಿಯಲ್ಲಿ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡ. ಅವನನ್ನ ಪುಣೆಯ ಗಾದಿಗೆ ಮರಳಿ ಕೂರಿಸೋ ಕೆಲಸ ವೆಲ್ಲೆಸ್ಲಿಗೆ ಬಂತು. 1803ರ ಮಾರ್ಚ್ 9ಕ್ಕೆ ಹರಿಹರ ಬಿಟ್ಟ, 12ಕ್ಕೆ ಹಾವನೂರಿನ ಹತ್ತಿರ ತುಂಗಭದ್ರೆ ದಾಟಿದ, ಏಪ್ರಿಲ್ 20ಕ್ಕೆ ಪುಣೆ. ನಮ್ಮ ಸ್ಲೀಪರ್ ಬಸ್ಸು ಒಂದು ರಾತ್ರಿಯಲ್ಲಿ ಮುಗಿಸೋ ದಾರಿ. ಕೊನೆಗೆ ಊರು ಸುಡ್ತಾರಂತೆ ಅನ್ನೋ ಸುದ್ದಿ ಬಂದಾಗ ಕುದುರೆ ದಂಡು ಮಾತ್ರ ತಗೊಂಡು ಸುಮಾರು 32 ತಾಸಿನಲ್ಲಿ 60 ಮೈಲಿ ಓಡಿದ. ಜೊತೆಗೆ ಮೈಸೂರಿನ ಸಿಲ್ಲೇದಾರ್ ಕುದುರೆ ಸವಾರರು, ಹಿಂದೆ ದಿವಾನ್ ಪೂರ್ಣಯ್ಯ ಹೊಂದಿಸಿ ಕಳಿಸ್ತಿದ್ದ ಕಾಳು, ಎತ್ತು. ತೋಪಿಗೂ ಆಪತ್ತಿನ ಅಕ್ಕಿಗೂ ಸರ್ಕಾರಿ ಎತ್ತು, ದಿನನಿತ್ಯದ ಕಾಳಿಗೆ ಬಂಜಾರರು. ಪುಣೆ ಮುಟ್ಟಿದ ಮೇಲೆ ಅವನಿಗೂ ಬಿಸಿ ತಟ್ಟಿತು. ಹೋಳ್ಕರನ ಸೈನ್ಯ ಸುತ್ತಲ ಸೀಮೆಯನ್ನ ಮೇಯ್ದು ಹೋಗಿತ್ತು, ಮಳೆ ಹಿಡೀತು, ಎತ್ತುಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಪತ್ರಗಳಲ್ಲಿ ಅದರ ಗೋಳು ಇದೆ. ಆದರೆ ಕಾರ್ನ್‌ವಾಲಿಸ್‌ನ ಹಾಗೆ ತೋಪು ಒಡೆದು ವಾಪಸ್ ಹೋಗಬೇಕಾಗಲಿಲ್ಲ. ಆಗಸ್ಟಿನಲ್ಲಿ ಅಹಮದ್‌ನಗರ ಹಿಡಿದ, ಸೆಪ್ಟೆಂಬರ್ 23ಕ್ಕೆ ಅಸಾಯೆ.

ಖಡಕಿ ಕಾಳಗ ಇದಾಗಿ 14 ವರ್ಷಕ್ಕೆ, 1817ರ ನವೆಂಬರ್ 5. ಅದೇ ಬಾಜಿರಾಯ, ಈಗ ಕಂಪನಿಯ ವಿರುದ್ಧ. ರೆಸಿಡೆಂಟ್ ಎಲ್ಫಿನ್‌ಸ್ಟನ್ ನಾಲ್ಕು ದಿನ ಮುಂಚೆಯೇ ದಂಡನ್ನ ಗಾರಪೀರದಿಂದ ಇಲ್ಲಿಗೆ ಸಾಗಿಸಿದ್ದ. ಕಂಪನಿ ಕಡೆ 2,800, ಬಾಪು ಗೋಖಲೆಯ ಕೈಕೆಳಗೆ ಪೇಶ್ವೆ ಕಡೆ 28,000 ಅಂತ ಸಾಮಾನ್ಯವಾಗಿ ಕೊಡೋ ಲೆಕ್ಕ. ಮಧ್ಯಾಹ್ನ ಶುರುವಾಗಿ ಸಂಜೆಗೆ ಮುಗೀತು, ಊರು ಪೂರ್ತಿ ಕೈಬಿಟ್ಟಿದ್ದು ನವೆಂಬರ್ 17ಕ್ಕೆ. ಆಮೇಲೆ ಏಳು ತಿಂಗಳು ಬಾಜಿರಾಯ ಓಡಿದ. ಒಂದು ಸಲ ದಕ್ಷಿಣಕ್ಕೆ ಘಟಪ್ರಭೆಯ ತನಕ ಬಂದ, ಧಾರವಾಡ ಬೆಳಗಾವಿ ಸೀಮೆಯಲ್ಲಿ ಥಾಮಸ್ ಮನ್ರೋ ಆಗಲೇ ಊರೂರಿನ ಜನರನ್ನ, ಕಂದಾಯವನ್ನ ತನ್ನ ಕಡೆ ತಿರುಗಿಸಿಕೊಳ್ತಿದ್ದ. 1818ರ ಜೂನ್ 3ಕ್ಕೆ ಶರಣಾದ. ಖಡಕಿ ದಂಡು ಪ್ರದೇಶವಾಯ್ತು, 1869ರಲ್ಲಿ ಇಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಯ್ತು. ನಾನು ದಿನಾ ಆಫೀಸಿಗೆ ಹೋಗೋದು ಅದರ ಗೋಡೆ ಪಕ್ಕದಲ್ಲೇ.

ಒಂದು ವಿಷಯ ವಿಡಿಯೋದಲ್ಲಿ ಬಿಟ್ಟಿದ್ದೆ. 1791ರಲ್ಲಿ ಮರಾಠ ಸೈನ್ಯದ ಜೊತೆಗಿದ್ದ ಪಿಂಡಾರಿಗಳು ಶೃಂಗೇರಿ ಮಠ ಲೂಟಿ ಮಾಡಿದರು. ಪಿಂಡಾರಿಗಳಿಗೆ ಸಂಬಳ ಇಲ್ಲ, ಲೂಟಿಯೇ ಸಂಬಳ. ಅಂದ್ರೆ ಇದೂ ಹೊರಗುತ್ತಿಗೆಯೇ. ಮಠಕ್ಕೆ ನೆರವು ಕಳಿಸಿ ಟಿಪ್ಪು ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ಮಾಡಿದ್ದು ನಾವಲ್ಲ, ಜೊತೆಗೆ ಬಂದವರು ಅಂತ ಯಾರು ಎಷ್ಟೇ ಹೇಳಿದರೂ ಇನ್ನೂರು ವರ್ಷದ ಮೇಲೂ ಆ ಲೂಟಿ ಮರಾಠರ ಹೆಸರಿನಲ್ಲೇ ಇದೆ. ದೀಪಾವಳಿಯಲ್ಲಿ ಪುಡಿ ರೊಟ್ಟಿಯ ಫೋಟೋ ಹಾಕಿದ ಗಿರಾಕಿಗಳೂ ಬೈದಿದ್ದು ಕೊರಿಯರ್‌ನವರನ್ನಲ್ಲ, ಅಕ್ಕನನ್ನ.

ಸಾಗಿಸಿದವರಿಗೆ ಏನಾಯ್ತು? 1863ರಲ್ಲಿ ಬೋರ್ ಘಾಟ್ ರೈಲು ದಾರಿ ಮುಗಿದು ಮುಂಬೈ ಪುಣೆ ಪೂರ್ತಿ ಕೂಡಿತು. 1880ರ ದಶಕದಲ್ಲಿ ಹೋಟಗಿಯಿಂದ ವಿಜಯಪುರದ ಮೇಲೆ ಗದಗಕ್ಕೆ ರೈಲು ಬಂತು. ತಿಂಗಳ ದಾರಿ ಒಂದೆರಡು ದಿನಕ್ಕಿಳಿದ ಮೇಲೆ ಮೇಯ್ದುಕೊಂಡು ನಡೆಯೋ ಎತ್ತಿಗೆ ಯಾರು ಕಾಯ್ತಾರೆ? ಕಸುಬು ಹೋಯ್ತು. ಅದರ ಮೇಲೆ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು, ಮುಂದೆ ಹಲವು ಕಡೆ ಬಂಜಾರರನ್ನೂ ಆ ಪಟ್ಟಿಗೆ ಸೇರಿಸಿದರು. ಶ್ರೀರಂಗಪಟ್ಟಣದಿಂದ ಅಸಾಯೆ ತನಕ ಯಾರ ಅಕ್ಕಿ ತಿಂದಿದ್ದರೋ ಅವರನ್ನ ಹುಟ್ಟಾ ಕಳ್ಳರು ಅಂತ ಬರೆದುಕೊಂಡರು. ಇವತ್ತು ಅವರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಗಡಿ ದಾಟಿದರೆ ಕಾಗದ ಬದಲು. ವಿಜಯಪುರ, ಕಲಬುರಗಿ ತಾಂಡಾಗಳಿಂದ ಪುಣೆಯ ಕಟ್ಟಡ ಕೆಲಸಕ್ಕೆ ಬಂದವರನ್ನ ನೀವೂ ನೋಡಿರ್ತೀರಿ. ಹಿಂಜವಡಿಯಲ್ಲಿ ನಾವು ಎಸಿಯಲ್ಲಿ ಕೂತಿರೋ ಕಟ್ಟಡಕ್ಕೆ ಇಟ್ಟಿಗೆ ಹೊತ್ತವರಲ್ಲಿ ಅವರಿದ್ದಾರೆ.

ಸ್ವಂತದ್ದಾದ ಅಮೃತ ಮಹಲ್ ಕಥೆ ಇನ್ನೊಂದು ಥರ. 1860ರಲ್ಲಿ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿತಾಯ ಅಂತ ಹಿಂಡುಗಳನ್ನ ಮಾರಿಸಿಬಿಟ್ಟ. ಕೆಲವೇ ವರ್ಷದಲ್ಲಿ ತಪ್ಪು ಗೊತ್ತಾಗಿ 1866ರಲ್ಲಿ ಮತ್ತೆ ಕಟ್ಟೋಕೆ ಹೊರಟರು, ಮಾರಿದ ತಳಿಯನ್ನೇ ಹುಡುಕಿ ಹುಡುಕಿ ತಂದು. ಟೀಮ್ ಪೂರ್ತಿ ತೆಗೆದುಹಾಕಿ ಎರಡು ವರ್ಷಕ್ಕೆ ಅದೇ ಜನರನ್ನ ಲಿಂಕ್ಡ್‌ಇನ್‌ನಲ್ಲಿ ಹುಡುಕಿದ ಮ್ಯಾನೇಜರುಗಳನ್ನ ನಾನು ನೋಡಿದ್ದೇನೆ, ಆದ್ದರಿಂದ ಆಶ್ಚರ್ಯ ಆಗಲಿಲ್ಲ. ಅಜ್ಜಂಪುರದಲ್ಲಿ ಆ ತಳಿ ಇನ್ನೂ ಇದೆ. ನೀಳ ಕೊಂಬು, ಬೂದು ಮೈ, ಮುಟ್ಟೋಕೆ ಬಿಡಲ್ಲ.

ಈಗ ರೊಟ್ಟಿಗೆ ಬರ್ತೀನಿ. ಹಳೇ ಕರಾರು ತೆಗೆದು ನೋಡಿದೆ. ತಿಂಗಳಿಗೆ ಕನಿಷ್ಠ ಇಷ್ಟು ಬಾಡಿಗೆ, ಪಾರ್ಸಲ್ ಹೊರಟರೆ ಇಷ್ಟು. ಹೊರಟರೆ ಅಂತಿದೆ, ಮುಟ್ಟಿದರೆ ಅಂತಿಲ್ಲ. ತಲೆಗೆ ಇಷ್ಟು ಅಂತ ಹಿಡಿದ ಕಾರ್ನ್‌ವಾಲಿಸ್‌ನ ಎತ್ತೇ ಇದು. ಒಡೆದರೆ ಪರಿಹಾರಕ್ಕೆ ಒಂದು ಸಣ್ಣ ಮಿತಿ, ಅದೂ ಒಡೆಯುವ ತಿನಿಸಿಗೆ ಅನ್ವಯಿಸಲ್ಲ. ಸರಕು ಹೊರುವವನೇ ಹಾನಿಗೆ ಹೊಣೆ ಅನ್ನೋ ತತ್ವ ನಮ್ಮಲ್ಲಿ 1865ರ ಕ್ಯಾರಿಯರ್ಸ್ ಕಾಯ್ದೆಯಿಂದಲೂ ಇದೆ, ಅದರ ಜಾಗದಲ್ಲಿ 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ ಬಂದಿದೆ. ಆದರೆ ನಾವೇ ಸಹಿ ಹಾಕಿದ ಮಿತಿಯನ್ನ ಯಾರ ಮುಂದೆ ಹೋಗಿ ಅಳೋದು? ರೊಟ್ಟಿಯ ಕಷ್ಟ ಇನ್ನೊಂದಿದೆ. ತೂಕ ಒಂದೂವರೆ ಕಿಲೋ. ಡಬ್ಬಿ 30, 30, 20 ಸೆಂಟಿಮೀಟರ್. ಗುಣಿಸಿ 5,000ದಿಂದ ಭಾಗಿಸಿ ಅವರು 3.6 ಕಿಲೋಗೆ ಬಿಲ್ ಹಾಕ್ತಾರೆ. ಅರ್ಧಕ್ಕಿಂತ ಜಾಸ್ತಿ ಗಾಳಿಗೆ ಬಾಡಿಗೆ.

ಮೂರು ಕಂಪನಿಗಳಿಗೆ ಅಕ್ಕನ ಪ್ರಶ್ನೆಯನ್ನೇ ಇಂಗ್ಲಿಷಿಗೆ ತಿರುಗಿಸಿ ಮೇಲ್ ಹಾಕಿದೆ. ಒಬ್ಬರು ಉತ್ತರ ಕೊಡಲಿಲ್ಲ. ಒಬ್ಬರು ಬ್ರೋಷರ್ ಕಳಿಸಿದರು. ಮೂರನೆಯದು ಚಿಕ್ಕ ಕಂಪನಿ, ಪುಣೆ ಸುತ್ತ ಮಾತ್ರ ಹೋಗ್ತಾರೆ. ಚಟ್ನಿಗೆ ಒಪ್ಪಿದರು: ಮುಟ್ಟಿದ ಪಾರ್ಸಲ್‌ಗೆ ಮಾತ್ರ ದುಡ್ಡು, ಕಳೆದರೆ ಪೂರ್ತಿ ಬೆಲೆ ಅವರದು. ದರ ಹಳೆಯವರಿಗಿಂತ 22 ರೂಪಾಯಿ ಜಾಸ್ತಿ, ನನ್ನ ಹಾಳೆಯಲ್ಲಿ ಅವರು ಐದನೇ ಸ್ಥಾನ. ರೊಟ್ಟಿಗೆ ಮಾತ್ರ ಒಪ್ಪಲಿಲ್ಲ. “ಸರ್, ರೊಟ್ಟಿ ನಿಮ್ದೇ ನೀವು ತನ್ನಿ” ಅಂದರು, ಮರಾಠಿಯಲ್ಲಿ.

ಅಕ್ಕನಿಗೆ ಹೇಳಿದೆ. “ಖರೇನ ಹೇಳ್ಯಾರಲ್ಲ,” ಅಂದಳು, “ಅವ್ರನ್ನ ಹಿಡಿ.” ಚಟ್ನಿ ಅವರಿಗೆ ಹೋಯ್ತು. ರೊಟ್ಟಿ ಈಗ ಸ್ಟೀಲ್ ಡಬ್ಬಿಯಲ್ಲಿ, ಮಧ್ಯೆ ಮಧ್ಯೆ ಹಳೇ ಕಾಟನ್ ಸೀರೆ ತುಂಡು ಇಟ್ಟುಕೊಂಡು, ಜಮಖಂಡಿಯಿಂದ ರಾತ್ರಿ ಬಸ್ಸಿಗೆ ಲಗೇಜ್ ಚೀಟಿ ಹರಿಸಿ ಬರುತ್ತೆ. ಬುಧವಾರ ಮತ್ತು ಶನಿವಾರ ಬೆಳಗ್ಗೆ ಐದೂವರೆಗೆ ನಾನು ಸ್ವಾರಗೇಟಿನಲ್ಲಿ ಸ್ಕೂಟರ್ ಹಾಕಿಕೊಂಡು ನಿಂತಿರ್ತೀನಿ. ಹಿಂಜವಡಿಗೆ ಆಫೀಸಿಗೆ ಹೋಗುವಾಗ ನಾನೇ ಒಯ್ಯುತ್ತೇನೆ, ಖರಾಡಿಯವರು ಬಂದು ತಗೊಂಡು ಹೋಗ್ತಾರೆ. ಮೊನ್ನೆ 60 ರೊಟ್ಟಿಯಲ್ಲಿ ನಾಲ್ಕು ಒಡೆದವು, ಅದು ನನ್ನ ಸ್ಕೂಟರಿನಲ್ಲಿ, ಹೋಳ್ಕರ್ ಸೇತುವೆ ಹತ್ತಿರದ ಗುಂಡಿಯಿಂದ. ನಾಲ್ಕರ ರೊಕ್ಕ ಅಕ್ಕ ನನ್ನಿಂದಲೇ ಹಾಕಿಸಿಕೊಂಡಳು. ಬಳೆ ಒಂದು ಬಿಡಿಸಿಕೊಂಡಿದ್ದಾಳೆ, ಇನ್ನೊಂದು ಸಂಕ್ರಾಂತಿಯ ಸಜ್ಜೆ ರೊಟ್ಟಿ ಆರ್ಡರ್ ಮುಗಿದ ಮೇಲೆ ಅಂದಿದ್ದಾಳೆ.